ಮೊಳಕೆ ಕಾಳಿನ ಉಸಿರಾಟದ ಪ್ರಯೋಗಗಳು: ಕ್ರಮ ತಪ್ಪದೆ ಮಾಡುವ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕನ್ನಡ ಮಾಧ್ಯಮದಲ್ಲಿ ಜೀವಶಾಸ್ತ್ರ ಕಲಿಯುವ ಮಕ್ಕಳೂ ಅವರಿಗೆ ನೆರವಾಗುವ ಹೆತ್ತವರೂ ಉಸಿರಾಟದ ಪ್ರಯೋಗಗಳ ಬಗ್ಗೆ ಮತ್ತೆ ಮತ್ತೆ ಹೇಳುವ ದೂರುಗಳು ಮೂರು. ಒಂದು ಪಾತ್ರೆಯಲ್ಲಿ ಜೀವಂತ ಮೊಳಕೆ ಕಾಳನ್ನೂ ಇನ್ನೊಂದರಲ್ಲಿ ಹೋಲಿಕೆಗೆಂದು ಬೇಯಿಸಿದ ಕಾಳನ್ನೂ ಇಟ್ಟು ಮಾಡುವ ಪ್ರಯೋಗಗಳಿವು. ಸುಣ್ಣದ ತಿಳಿನೀರು ಬೆಳ್ಳಗಾಗುವುದಿಲ್ಲ, ಅಥವಾ ಎರಡೂ ಬಾಟಲಿಗಳಲ್ಲಿ ಒಂದೇ ರೀತಿ ಬೆಳ್ಳಗಾಗುತ್ತದೆ. ನಳಿಕೆಯಲ್ಲಿ ನೀರು ಏರುವುದಿಲ್ಲ, ಅಥವಾ ಬೇಯಿಸಿದ ಕಾಳಿನ ಫ್ಲಾಸ್ಕಿನಲ್ಲೇ ಹೆಚ್ಚು ಏರುತ್ತದೆ. ಥರ್ಮಾಸ್ ಪ್ರಯೋಗದಲ್ಲಿ ಸತ್ತ ಕಾಳು ಜೀವಂತ ಕಾಳಿಗಿಂತ ಬಿಸಿಯಾಗುತ್ತದೆ. ಈ ಮೂರಕ್ಕೂ ಕಾರಣ ಕಾಳಿನಲ್ಲಿಲ್ಲ. ಕೆಲಸದ ಕ್ರಮ ತಪ್ಪಿರುವುದು, ಗಾಳಿ ಸೋರುತ್ತಿರುವುದು ಅಥವಾ ಹೋಲಿಕೆಗೆಂದು ಇಟ್ಟ ಪಾತ್ರೆಯನ್ನು ಉದಾಸೀನದಿಂದ ಸಿದ್ಧಪಡಿಸಿರುವುದು ಕಾರಣ. ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಮೊದಲ ನಾಲ್ಕು ಹಂತಗಳನ್ನು ಬಿಟ್ಟು ನೇರವಾಗಿ ಐದನೆಯದಕ್ಕೆ ಹೋಗಬೇಡಿ.

## ಹಂತ 1: ಯಾವ ಪ್ರಯೋಗ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಬರೆದಿಟ್ಟುಕೊಳ್ಳಿ

ಮೂರು ಪ್ರಯೋಗಗಳೂ "ಉಸಿರಾಟವನ್ನು ತೋರಿಸುತ್ತವೆ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದೇ ಮೊದಲ ತಪ್ಪು. ಜೀವಕೋಶದಲ್ಲಿ ನಡೆಯುವ ಒಂದು ದೀರ್ಘ ಕ್ರಿಯಾಸರಣಿಯ ಬೇರೆ ಬೇರೆ ಭಾಗಗಳನ್ನು ಅವು ಹಿಡಿಯುತ್ತವೆ.

ಆರು ಇಂಗಾಲದ ಗ್ಲೂಕೋಸ್ ಅಣು ಮೊದಲು ಕೋಶದ್ರವ್ಯದಲ್ಲಿ ಒಡೆದು, ಮೂರು ಇಂಗಾಲದ ಪೈರುವೇಟ್‌ನ ಎರಡು ಅಣುಗಳಾಗುತ್ತದೆ. ಇಲ್ಲಿ ಆಮ್ಲಜನಕ ಬೇಕಿಲ್ಲ, ಇಂಗಾಲದ ಡೈಆಕ್ಸೈಡ್ ಹೊರಬರುವುದೂ ಇಲ್ಲ. ನಿವ್ವಳ ಲಾಭ 2 ಎಟಿಪಿ (ಕೋಶಕ್ಕೆ ಬೇಕಾದ ಶಕ್ತಿಯನ್ನು ಹಿಡಿದಿಡುವ ಅಣು) ಮತ್ತು ಹೈಡ್ರೋಜನ್ನನ್ನು ಹೊತ್ತ 2 ಎನ್‌ಎಡಿಎಚ್. ಪೈರುವೇಟ್ ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದೊಳಗೆ ಹೋದ ಮೇಲೆ ಅಸಿಟೈಲ್ ಕೋಎ ಎಂಬ ಸಂಯುಕ್ತ ಆಗುವಾಗ ಒಂದು, ಅನಂತರ ಕ್ರೆಬ್ಸ್ ಚಕ್ರವೆಂಬ ಕ್ರಿಯಾಸರಣಿಯಲ್ಲಿ ಎರಡು ಇಂಗಾಲದ ಡೈಆಕ್ಸೈಡ್ ಅಣುಗಳು ಬಿಡುಗಡೆಯಾಗುತ್ತವೆ. ಎರಡು ಪೈರುವೇಟ್‌ಗಳಿಗೆ ಒಟ್ಟು ಆರು. ಸುಣ್ಣದ ತಿಳಿನೀರನ್ನು ಬೆಳ್ಳಗಾಗಿಸುವ ಅನಿಲ ಹುಟ್ಟುವುದು ಇಲ್ಲಿ.

ಉಸಿರಾಟಕ್ಕೆ ಎಳೆದುಕೊಂಡ ಆಮ್ಲಜನಕ ಬಳಕೆಯಾಗುವುದು ಇದಕ್ಕೂ ಮುಂದೆ, ಮೈಟೋಕಾಂಡ್ರಿಯದ ಒಳಪೊರೆಯಲ್ಲಿರುವ ಇಲೆಕ್ಟ್ರಾನ್ ಸಾಗಣೆಯ ಸರಪಳಿಯ ಕೊನೆಯಲ್ಲಿ. ಅಲ್ಲಿ ಆಮ್ಲಜನಕ ಇಲೆಕ್ಟ್ರಾನುಗಳನ್ನೂ ಹೈಡ್ರೋಜನ್ ಅಯಾನುಗಳನ್ನೂ ಸೇರಿಸಿಕೊಂಡು ನೀರಾಗುತ್ತದೆ. ನಳಿಕೆಯಲ್ಲಿ ನೀರು ಏರುವ ಪ್ರಯೋಗ ಈ ಕೊನೆಯ ಘಟ್ಟವನ್ನು ತೋರಿಸುತ್ತದೆ. ಹಾಗಾಗಿ "ಒಳಗೆ ಹೋದ ಆಮ್ಲಜನಕವೇ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆ" ಎಂದು ಬರೆದರೆ ತಪ್ಪು.

ಥರ್ಮಾಮೀಟರ್ ತೋರಿಸುವುದು ಎಟಿಪಿಯಲ್ಲಿ ಸೇರದೆ ಉಳಿದ ಶಕ್ತಿಯನ್ನು. ಒಂದು ಮೋಲ್, ಅಂದರೆ 180 ಗ್ರಾಂ ಗ್ಲೂಕೋಸ್ ಪೂರ್ಣವಾಗಿ ಉತ್ಕರ್ಷಣಗೊಂಡರೆ ಸುಮಾರು 2,870 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಒಂದು ಮೋಲ್ ಎಟಿಪಿಯಲ್ಲಿ ಪ್ರಮಾಣ ಸ್ಥಿತಿಯಲ್ಲಿ ಸುಮಾರು 30.5 ಕಿಲೋಜೂಲ್ ಸಂಗ್ರಹವಾಗುತ್ತದೆ ಎಂದಿಟ್ಟುಕೊಂಡರೆ, 30 ಎಟಿಪಿಗೆ ಸುಮಾರು 915 ಕಿಲೋಜೂಲ್ ಆಯಿತು. ಇದು ಒಟ್ಟು ಶಕ್ತಿಯ ಸುಮಾರು ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಹೆಚ್ಚಿನದು ಶಾಖವಾಗಿ ಹೋಗುತ್ತದೆ. ಏಣಿಲು (ಮಳೆಗಾಲದ) ಬೆಳೆಗೆ ಬಿತ್ತನೆಯ ಬತ್ತವನ್ನು ನೆನೆಸಿ ಗೋಣಿಯಲ್ಲಿ ಕಟ್ಟಿ ಮೊಳಕೆ ಬರಿಸುವಾಗ ಗೋಣಿಯ ನಡುವೆ ಕೈ ಹಾಕಿ ನೋಡಿದವರಿಗೆ ಈ ಶಾಖದ ಪರಿಚಯ ಈಗಾಗಲೇ ಇದೆ.

## ಹಂತ 2: ಸಾಮಗ್ರಿಗಳನ್ನು ಒಟ್ಟುಮಾಡಿ

ಹೆಸರುಕಾಳು ಎಲ್ಲಕ್ಕಿಂತ ಅನುಕೂಲ. ಬೇಗ ಮೊಳೆಯುತ್ತದೆ, ಒಂದೇ ಸಮನಾಗಿ ಮೊಳೆಯುತ್ತದೆ. ಅಲಸಂಡೆ ಅಥವಾ ಕಡಲೆಯೂ ಆದೀತು. ಬಿತ್ತನೆಗೆಂದು ಮದ್ದು ಲೇಪಿಸಿ ಮಾರುವ ಬೀಜ ಬೇಡ. ನೆಲಗಡಲೆಯಂತಹ ಎಣ್ಣೆಕಾಳುಗಳನ್ನು ಮೊದಲ ಪ್ರಯತ್ನದಲ್ಲಿ ಬಿಡಿ. ಕೊಬ್ಬನ್ನು ಬಳಸಿ ಉಸಿರಾಡುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಬಳಕೆಯಾದ ಆಮ್ಲಜನಕಕ್ಕಿಂತ ಕಡಿಮೆ (ಅನುಪಾತ ಸುಮಾರು 0.7), ಪಿಷ್ಟವಿರುವ ಕಾಳಿನಲ್ಲಿ ಅದು 1ಕ್ಕೆ ಹತ್ತಿರ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡು ಬಗೆಯ ಕಾಳುಗಳನ್ನು ಬೆರೆಸಿದರೆ ಅಳತೆಗೆ ಅರ್ಥವಿರುವುದಿಲ್ಲ.

ಗಾಳಿ ಸೋರದ ಮುಚ್ಚಳವಿರುವ, ಒಂದು ಲೀಟರಿನ ಅಗಲ ಬಾಯಿಯ ಗಾಜಿನ ಬಾಟಲಿಗಳು ಎರಡು, 250 ಮಿ.ಲೀ.ನ ಕೋನಿಕಲ್ ಫ್ಲಾಸ್ಕ್‌ಗಳು ಮೂರು. ಅವಕ್ಕೆ ಸರಿಹೊಂದುವ ಒಂದು ತೂತಿನ ರಬ್ಬರ್ ಬೂಚುಗಳು. ಬಾಗಿಸಿದ ಗಾಜಿನ ನಳಿಕೆಗಳು. ಒಂದೇ ಬಗೆಯ ಎರಡು ಥರ್ಮಾಸ್. ಹತ್ತಿ, ದಾರ, ವ್ಯಾಸಲೀನ್. ಥರ್ಮಾಮೀಟರ್ ಪ್ರಯೋಗಾಲಯದ್ದೇ ಆಗಬೇಕು. ಜ್ವರ ನೋಡುವ ಥರ್ಮಾಮೀಟರ್ ಸಾಮಾನ್ಯವಾಗಿ 35ರಿಂದ 42 ಡಿಗ್ರಿಯವರೆಗೆ ಮಾತ್ರ ಅಳೆಯುತ್ತದೆ, ಆದ್ದರಿಂದ 28ರಿಂದ 33 ಡಿಗ್ರಿಗೆ ಏರಿದ ಕಾಳನ್ನು ಅದರಿಂದ ತಿಳಿಯುವಂತಿಲ್ಲ. ಎರಡು ಥರ್ಮಾಮೀಟರುಗಳನ್ನು ಒಂದೇ ಲೋಟದ ನೀರಿನಲ್ಲಿಟ್ಟು ಮೊದಲೇ ಹೋಲಿಸಿ. ಅವುಗಳ ನಡುವೆಯೇ ಅರ್ಧ ಡಿಗ್ರಿ ಅಂತರವಿದ್ದರೆ ಅದನ್ನು ಬರೆದಿಟ್ಟುಕೊಂಡು ಆಮೇಲೆ ಕಳೆಯಬೇಕು.

## ಹಂತ 3: ಕಾಳಿಗೆ ಮೊಳಕೆ ಬರಿಸಿ

ಒಣಕಾಳೂ ಉಸಿರಾಡುತ್ತದೆ, ಆದರೆ ಅಳತೆಗೆ ಸಿಗದಷ್ಟು ನಿಧಾನವಾಗಿ. ನೀರು ಹೀರಿ ಬೇರು ಹೊರಬಂದ ಕಾಳಿನಲ್ಲಿ ಉಸಿರಾಟ ಚುರುಕು. ಕಾಳನ್ನು ಆರಿಸಿ, ಒಂದು ಲೀಟರ್ ನೀರಿಗೆ ಒಂದು ಚಮಚ ಬ್ಲೀಚಿಂಗ್ ಪೌಡರ್ ಕದಡಿ ಬಸಿದ ತಿಳಿಯಲ್ಲಿ ಐದು ನಿಮಿಷ ಮುಳುಗಿಸಿಡಿ. ಬಾವಿಗೆ ಹಾಕಲು ತಂದ ಪೌಡರೇ ಸಾಕು. ಅನಂತರ ಕುದಿಸಿ ಆರಿಸಿದ ನೀರಿನಲ್ಲಿ ನಾಲ್ಕೈದು ಬಾರಿ ತೊಳೆಯಿರಿ. ತೊಳೆಯುವುದು ಸಾಲದಿದ್ದರೆ ಪೌಡರಿನ ಸುಣ್ಣದ ಅಂಶ ಕಾಳಿನ ಮೇಲೆ ಉಳಿದು, ಬಿಡುಗಡೆಯಾದ ಇಂಗಾಲದ ಡೈಆಕ್ಸೈಡನ್ನು ಅಲ್ಲೇ ಹೀರಿಬಿಡುತ್ತದೆ.

ರಾತ್ರಿ ಎಂಟು ಗಂಟೆಗಳ ಕಾಲ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ನಮ್ಮ ಕರಾವಳಿಯ ಸೆಕೆಯಲ್ಲಿ ಮರುದಿನ ಬೆಳಗಿನೊಳಗೆ ಬೇರು ಅರ್ಧ ಸೆಂ.ಮೀ. ದಾಟುತ್ತದೆ. ಅದೇ ಸರಿಯಾದ ಹೊತ್ತು.

ಇಲ್ಲಿನ ಎಚ್ಚರಿಕೆಯ ಗುರುತು ವಾಸನೆ. ಹುಳಿ ವಾಸನೆ ಬಂದರೆ ಅಥವಾ ಮುಟ್ಟಿದಾಗ ಲೋಳೆಯಾಗಿದ್ದರೆ ಕಾಳನ್ನು ನೀರಿನಲ್ಲಿ ಅತಿಯಾಗಿ ಮುಳುಗಿಸಿಟ್ಟಿದ್ದೀರಿ, ಅದಕ್ಕೆ ಆಮ್ಲಜನಕ ಸಿಕ್ಕಿಲ್ಲ, ಸೂಕ್ಷ್ಮಜೀವಿಗಳೂ ಸೇರಿಕೊಂಡಿವೆ ಎಂದರ್ಥ. ಅಂತಹ ಕಾಳನ್ನು ತೊಳೆದು ಮತ್ತೆ ಬಳಸಬೇಡಿ, ಹೊಸದಾಗಿ ನೆನೆಸಿ. ಆಟಿ ತಿಂಗಳ ಮಳೆಯಲ್ಲಿ ಇದು ಹೆಚ್ಚು. ಆಗ ಬಟ್ಟೆಯ ಗಂಟನ್ನು ಗಾಳಿಯಾಡುವಲ್ಲಿ ತೂಗುಹಾಕುವುದು ಒಳ್ಳೆಯದು.

## ಹಂತ 4: ಹೋಲಿಕೆಯ ಪಾತ್ರೆಯನ್ನು ಮೊದಲು ಸಿದ್ಧಪಡಿಸಿ

ಬಹುತೇಕ ವಿಫಲತೆಗಳು ಈ ಹಂತದಲ್ಲೇ ಹುಟ್ಟುತ್ತವೆ. ಜೀವಂತ ಕಾಳಿನ ಪಾತ್ರೆಯನ್ನು ಆಸಕ್ತಿಯಿಂದ ಜೋಡಿಸಿ, ಕೊನೆಗೆ ಅವಸರದಲ್ಲಿ ಒಂದಷ್ಟು ಕಾಳು ಬೇಯಿಸಿ ಇನ್ನೊಂದು ಪಾತ್ರೆಗೆ ಸುರಿಯುವುದು ರೂಢಿಯಾಗಿದೆ. ಹೀಗೆ ಮಾಡಿದಾಗ ಎರಡು ಅನಾಹುತಗಳಾಗುತ್ತವೆ.

ಮೊದಲನೆಯದು, ಬೇಯಿಸಿದ ಕಾಳು ಒಳಗೆ ಇನ್ನೂ ಬಿಸಿಯಾಗಿರುತ್ತದೆ. ಫ್ಲಾಸ್ಕನ್ನು ಮುಚ್ಚಿದ ಮೇಲೆ ಅದು ತಣಿಯುವಾಗ ಒಳಗಿನ ಗಾಳಿ ಕುಗ್ಗಿ, ನಳಿಕೆಯಲ್ಲಿ ನೀರು ಸರಸರನೆ ಏರುತ್ತದೆ. ಸತ್ತ ಕಾಳು ಜೀವಂತ ಕಾಳಿಗಿಂತ ಹೆಚ್ಚು "ಉಸಿರಾಡಿದಂತೆ" ಕಾಣುವುದು ಹೀಗೆ. ಎರಡನೆಯದು, ಬೆಂದ ಕಾಳು ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಒಂದು ದಿನದೊಳಗೆ ಅವು ಬೆಳೆದು ಉಸಿರಾಡತೊಡಗುತ್ತವೆ. ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ, ಶಾಖವನ್ನೂ ಕೊಡುತ್ತವೆ. ಉಪಕರಣ ತೋರಿಸುವುದು ಸುಳ್ಳಲ್ಲ, ಆದರೆ ಉಸಿರಾಡುತ್ತಿರುವುದು ಕಾಳಲ್ಲ.

ಆದ್ದರಿಂದ ಮೊಳಕೆ ಬಂದ ಕಾಳಿನಲ್ಲೇ ಅರ್ಧವನ್ನು ತೆಗೆದು ಹತ್ತು ನಿಮಿಷ ಕುದಿಸಿ, ಬಸಿದು, ಬ್ಲೀಚಿಂಗ್ ಪೌಡರಿನ ತಿಳಿಯಲ್ಲಿ ಅದ್ದಿ, ಕುದಿಸಿ ಆರಿಸಿದ ನೀರಿನಲ್ಲಿ ಚೆನ್ನಾಗಿ ತೊಳೆದು, ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಿಡಿ. ಕೆಲವು ಪುಸ್ತಕಗಳಲ್ಲಿ ಫಾರ್ಮಲಿನ್ ಬಳಸಲು ಹೇಳಿರುತ್ತದೆ; ಅದು ವಿಷಕಾರಿ, ಮಕ್ಕಳ ಕೈಗೆ ಕೊಡಬಾರದು. ಕೊಳೆಯುವ ಚಿಂತೆಯೇ ಬೇಡವೆನ್ನುವವರು ಮೂರನೆಯ ಪಾತ್ರೆಯೊಂದರಲ್ಲಿ ಕಾಳಿನಷ್ಟೇ ಜಾಗ ಹಿಡಿಯುವ ಗಾಜಿನ ಗೋಲಿಗಳನ್ನು ಹಾಕಿಡಲಿ. ಗೋಲಿಯ ಪಾತ್ರೆಯಲ್ಲಿ ಏನಾದರೂ ಬದಲಾವಣೆ ಕಂಡರೆ ಅದು ಹವೆಯಿಂದ ಅಥವಾ ಸೋರಿಕೆಯಿಂದ ಬಂದದ್ದೆಂದು ನಿಸ್ಸಂದೇಹವಾಗಿ ಹೇಳಬಹುದು. ನನ್ನ ಅಭಿಪ್ರಾಯದಲ್ಲಿ ಈ ಮೂರನೆಯ ಪಾತ್ರೆಯಿಲ್ಲದೆ ನೀರು ಏರುವ ಪ್ರಯೋಗವನ್ನು ಮಾಡಲೇಬಾರದು.

## ಹಂತ 5: ಸುಣ್ಣದ ತಿಳಿನೀರಿನ ಪ್ರಯೋಗ

ಅಡಿಕೆಗೆ ಬೋರ್ಡೋ (ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ) ಸಿಂಪಡಿಸಲು ತಂದ ಸುಣ್ಣ ಹೆಚ್ಚಿನ ಮನೆಗಳಲ್ಲಿರುತ್ತದೆ. ಅದು ಹೊಸದಾಗಿದ್ದರೆ ಮಾತ್ರ ಬಳಸಿ. ಬಹುಕಾಲ ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿರುತ್ತದೆ, ಅದರಿಂದ ತಿಳಿನೀರು ಸಿಗುವುದಿಲ್ಲ. ಮೈಲುತುತ್ತು ಕಲಸಿದ ಪಾತ್ರೆಯನ್ನು ಮುಟ್ಟಬೇಡಿ. ಸುಡುಸುಣ್ಣದ ಗಟ್ಟಿಗಳನ್ನು ನೀರಿಗೆ ಹಾಕಿದಾಗ ಕುದಿದು ಸಿಡಿಯುವುದರಿಂದ ಆ ಕೆಲಸವನ್ನು ದೊಡ್ಡವರೇ ಮಾಡಬೇಕು.

ಅರಳಿಸಿದ ಸುಣ್ಣ ಎರಡು ಚಮಚದಷ್ಟನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಬಾಟಲಿಯನ್ನು ಕತ್ತಿನವರೆಗೆ ತುಂಬಿಸಿ, ಬಿಗಿಯಾಗಿ ಮುಚ್ಚಿ ಕುಲುಕಿ, ಒಂದು ರಾತ್ರಿ ಅಲುಗಾಡಿಸದೆ ಇಡಿ. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ ಎರಡು ಗ್ರಾಂಗಿಂತಲೂ ಕಡಿಮೆ. ಉಳಿದದ್ದು ತಳಕ್ಕೆ ಕೂರುತ್ತದೆ. ಬಿಸಿನೀರು ಬಳಸಿದರೆ ಹೆಚ್ಚು ಕರಗೀತು ಎಂಬ ಎಣಿಕೆ ತಪ್ಪು, ಸುಣ್ಣ ಬಿಸಿನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ. ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿಕೊಳ್ಳಿ.

ಬಳಸುವ ಮೊದಲು ಪರೀಕ್ಷಿಸಿ. ಸ್ವಲ್ಪ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿ (ಎಳೆಯಬೇಡಿ, ಬಾಯಿ ಸುಡುತ್ತದೆ). ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇಕಡಾ 4ರಷ್ಟು ಇಂಗಾಲದ ಡೈಆಕ್ಸೈಡ್ ಇರುವುದರಿಂದ ಬೇಗನೆ ಬೆಳ್ಳಗಾಗಬೇಕು. ಆಗದಿದ್ದರೆ ತಿಳಿನೀರೇ ಕೆಟ್ಟಿದೆ, ಕಾಳನ್ನು ದೂರುವುದು ಬೇಡ. ಊದುತ್ತಲೇ ಇದ್ದರೆ ಬಿಳುಪು ಮತ್ತೆ ತೆಳುವಾಗುತ್ತದೆ. ಕರಗದ ಕಾರ್ಬೋನೇಟ್ ಹೆಚ್ಚಿನ ಅನಿಲದೊಂದಿಗೆ ಸೇರಿ ಕರಗುವ ಬೈಕಾರ್ಬೋನೇಟ್ ಆಗುವುದೇ ಇದಕ್ಕೆ ಕಾರಣ. ಪ್ರಯೋಗವನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದವರಿಗೆ ಬಿಳುಪು ಮಾಸಿದಂತೆ ಕಾಣುವುದುಂಟು. ಅದನ್ನು "ಫಲಿತಾಂಶ ಬರಲಿಲ್ಲ" ಎಂದು ಬರೆಯಬಾರದು.

ಈಗ ಒಂದು ಹಿಡಿ ಮೊಳಕೆ ಕಾಳನ್ನು ಒಂದು ಬಾಟಲಿಗೂ ಅಷ್ಟೇ ಬೇಯಿಸಿದ ಕಾಳನ್ನು ಇನ್ನೊಂದಕ್ಕೂ ಹಾಕಿ. ಚಿಕ್ಕ ಗಾಜಿನ ಕುಪ್ಪಿಗಳಲ್ಲಿ ತಲಾ 10 ಮಿ.ಲೀ. ತಿಳಿನೀರು ತುಂಬಿ, ಕಾಳಿಗೆ ತಾಗದಂತೆ ದಾರದಿಂದ ಬಾಟಲಿಯೊಳಗೆ ತೂಗಿಸಿ, ಮುಚ್ಚಳದ ಅಂಚಿಗೆ ವ್ಯಾಸಲೀನ್ ಸವರಿ ಮುಚ್ಚಿ. ಎರಡೂ ಬಾಟಲಿಗಳಿಗೆ ಕಪ್ಪು ಬಟ್ಟೆ ಹೊದಿಸಿ. ಬೆಳಕಿನಲ್ಲಿ ಹಸಿರಾಗತೊಡಗಿದ ಮೊಳಕೆ ದ್ಯುತಿಸಂಶ್ಲೇಷಣೆಯಿಂದ ಅನಿಲವನ್ನು ಮರಳಿ ಹೀರೀತು. ಅರ್ಧ ಗಂಟೆಗೊಮ್ಮೆ ನೋಡಿ, ಕುಪ್ಪಿಯ ನೀರು ಮೆಲ್ಲಗೆ ಕದಲುವಂತೆ ಬಾಟಲಿಯನ್ನು ಆಡಿಸಿ.

ಬೇಯಿಸಿದ ಕಾಳಿನ ಬಾಟಲಿಯಲ್ಲೂ ತೆಳುವಾದ ಕೆನೆ ಕಟ್ಟಿದರೆ ಗಾಬರಿ ಬೇಡ. ಹೊರಗಿನ ಗಾಳಿಯಲ್ಲಿ ಶೇಕಡಾ 0.04ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದೇ ಇದೆ. ಲೀಟರ್ ಬಾಟಲಿಯಲ್ಲಿ ಅದು ಸುಮಾರು 0.4 ಮಿ.ಲೀ. ಎರಡರ ಬಿಳುಪಿನ ವ್ಯತ್ಯಾಸವೇ ಇಲ್ಲಿ ಉತ್ತರ.

## ಹಂತ 6: ನಳಿಕೆಯಲ್ಲಿ ನೀರು ಏರುವ ಪ್ರಯೋಗ

ಇದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಹೆಚ್ಚು ಮಂದಿ ಸೋಲುವುದೂ ಇಲ್ಲೇ. ಮುಚ್ಚಿದ ಫ್ಲಾಸ್ಕಿನಲ್ಲಿ ಕಾಳು ಎಷ್ಟು ಆಮ್ಲಜನಕವನ್ನು ತೆಗೆದುಕೊಳ್ಳುತ್ತದೋ ಹೆಚ್ಚುಕಡಿಮೆ ಅಷ್ಟೇ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಆದ್ದರಿಂದ ಒಳಗಿನ ಗಾತ್ರ ಬದಲಾಗುವುದಿಲ್ಲ, ನೀರೂ ಏರುವುದಿಲ್ಲ. ಬಿಟ್ಟ ಅನಿಲವನ್ನು ಹೀರಿಕೊಳ್ಳಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರಲೇಬೇಕು. ಅದನ್ನು ಹಾಕಲು ಮರೆತು ನೀರು ಏರಲಿಲ್ಲವೆಂದು ಹೇಳುವವರಿದ್ದಾರೆ.

ಈ ರಾಸಾಯನಿಕ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕನ್ನಡಕ, ಕೈಗವಸು ಹಾಕಿ ಅಧ್ಯಾಪಕರೇ ಚಿಮುಟದಿಂದ ಹರಳುಗಳನ್ನು ತೆಗೆಯಲಿ. ಕಣ್ಣಿಗೆ ಸಿಡಿದರೆ ಕೂಡಲೇ ಕಾಲು ಗಂಟೆಗೂ ಹೆಚ್ಚು ಹೊತ್ತು ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರಲ್ಲಿಗೆ ಹೋಗಬೇಕು. ಮನೆಯಲ್ಲಿ ಮಾಡುವವರು ಇದನ್ನು ತರಲೇಬೇಡಿ; ಹೊಸ ಸುಣ್ಣದ ಒದ್ದೆ ಮುದ್ದೆಯೂ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ.

ಮೊದಲು ಸೋರಿಕೆಯ ಪರೀಕ್ಷೆ. ಖಾಲಿ ಫ್ಲಾಸ್ಕಿಗೆ ಬೂಚು ಮತ್ತು ನಳಿಕೆ ಜೋಡಿಸಿ, ನಳಿಕೆಯ ತುದಿಯನ್ನು ಬಣ್ಣ ಬೆರೆಸಿದ ನೀರಿನಲ್ಲಿ ಅದ್ದಿ, ಎರಡೂ ಅಂಗೈಗಳಿಂದ ಫ್ಲಾಸ್ಕನ್ನು ಹಿಡಿದುಕೊಳ್ಳಿ. ತುದಿಯಿಂದ ಗುಳ್ಳೆ ಬರಬೇಕು. ಕೈ ಬಿಟ್ಟಾಗ ನೀರು ನಳಿಕೆಯಲ್ಲಿ ಏರಿ ಅಲ್ಲೇ ನಿಲ್ಲಬೇಕು. ಏರಿದ ನೀರು ಮೆಲ್ಲಗೆ ಇಳಿದರೆ ಬೂಚು ಸೋರುತ್ತಿದೆ. ವ್ಯಾಸಲೀನ್ ಸವರಿ ಮತ್ತೆ ನೋಡಿ.

ಇದೇ ಪರೀಕ್ಷೆ ಇನ್ನೊಂದು ಅಪಾಯವನ್ನೂ ತೋರಿಸಿಕೊಡುತ್ತದೆ. ಗಾಳಿಯ ಗಾತ್ರ ಒಂದು ಡಿಗ್ರಿಗೆ ಮುನ್ನೂರರಲ್ಲಿ ಒಂದು ಪಾಲಿನಷ್ಟು ಬದಲಾಗುತ್ತದೆ. 250 ಮಿ.ಲೀ. ಫ್ಲಾಸ್ಕಿನಲ್ಲಿ ಅದು ಸುಮಾರು 0.8 ಮಿ.ಲೀ.; ಒಳವ್ಯಾಸ 5 ಮಿ.ಮೀ. ಇರುವ ನಳಿಕೆಯಲ್ಲಿ ಅದರಿಂದಲೇ ನೀರು ಸುಮಾರು 4 ಸೆಂ.ಮೀ. ಏರಬಹುದು ಅಥವಾ ಇಳಿಯಬಹುದು. ಬಿಸಿಲು ಕಂತಿದರೆ, ಮಳೆ ಸುರಿದರೆ, ಫ್ಯಾನ್ ಹಾಕಿದರೆ ಇಷ್ಟು ಬದಲಾವಣೆ ಸಹಜ. ಹಾಗಾಗಿ ಫ್ಲಾಸ್ಕುಗಳನ್ನು ಅಗಲವಾದ ನೀರಿನ ಬಾಣಲೆಯಲ್ಲಿ ನಿಲ್ಲಿಸಿ, ಕೈಯಿಂದ ಮುಟ್ಟದೆ, ಗೋಲಿಯ ಫ್ಲಾಸ್ಕಿನ ಏರಿಳಿತವನ್ನು ಕಳೆದು ಲೆಕ್ಕ ಹಾಕಿ.

ಒಂದು ಫ್ಲಾಸ್ಕಿಗೆ ಮೂವತ್ತು ನಲವತ್ತು ಮೊಳಕೆ ಕಾಳು ಸಾಕು. ಹಿಡಿಗಟ್ಟಲೆ ಹಾಕಿದರೆ ನೀರು ನಳಿಕೆಯುದ್ದಕ್ಕೂ ಏರಿ ಫ್ಲಾಸ್ಕಿನೊಳಗೆ ನುಗ್ಗಿ ಹರಳುಗಳಿಗೆ ತಾಗೀತು. ಹರಳುಗಳಿರುವ ಚಿಕ್ಕ ಕುಪ್ಪಿಯನ್ನು ದಾರದಿಂದ ತೂಗಿಸಿ, ಬೂಚು ಹಾಕಿ, ಹತ್ತು ನಿಮಿಷ ಹವೆ ಸಮನಾಗಲು ಬಿಟ್ಟು, ಆಮೇಲಷ್ಟೇ ನೀರಿನ ಮಟ್ಟಕ್ಕೆ ಗುರುತು ಹಾಕಿ. ಕಾಲು ಗಂಟೆಗೊಮ್ಮೆ ಅಳೆಯಿರಿ, ಒಂದೆರಡು ಗಂಟೆಯಲ್ಲಿ ನಿಲ್ಲಿಸಿ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21 ಮಾತ್ರ. ಫ್ಲಾಸ್ಕಿನ ಗಾಳಿಯ ಐದನೇ ಒಂದು ಭಾಗಕ್ಕಿಂತ ಸ್ಪಷ್ಟವಾಗಿ ಹೆಚ್ಚು ನೀರು ಒಳಬಂದರೆ ಅದು ಉಸಿರಾಟದ ಫಲವಲ್ಲ, ಜೋಡಣೆಯಲ್ಲೇ ದೋಷವಿದೆ.

## ಹಂತ 7: ಶಾಖದ ಪ್ರಯೋಗ

ಥರ್ಮಾಸಿನ ಮುಕ್ಕಾಲು ಭಾಗಕ್ಕೆ ಕಾಳು ತುಂಬಿ, ಥರ್ಮಾಮೀಟರಿನ ಬುರುಡೆ ಕಾಳಿನ ನಡುವೆ ಇರುವಂತೆ ಇಳಿಸಿ, ಬಾಯಿಗೆ ಹತ್ತಿ ತುರುಕಿ. ಬಿಗಿ ಮುಚ್ಚಳ ಬೇಡ. ಒಳಗೆ ಆಮ್ಲಜನಕ ಮುಗಿದರೆ ಉಸಿರಾಟ ಕುಂದುತ್ತದೆ. ಥರ್ಮಾಸನ್ನು ತಲೆಕೆಳಗಾಗಿ ಭದ್ರವಾಗಿ ನಿಲ್ಲಿಸುವುದು ವಾಡಿಕೆ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಹತ್ತಿಯ ಮೂಲಕ ಕೆಳಗಿಳಿದು ಹೋಗುತ್ತದೆ.

ಎರಡೂ ಥರ್ಮಾಸುಗಳ ಆರಂಭದ ಉಷ್ಣತೆ ಒಂದೇ ಇದೆಯೆಂದು ನೋಡಿಕೊಂಡು, ಬೆಳಿಗ್ಗೆ ಸಂಜೆ ಎರಡು ದಿನ ಅಳತೆ ಬರೆಯಿರಿ. ಬೇಯಿಸಿದ ಕಾಳಿನ ಉಷ್ಣತೆ ಎರಡನೆಯ ದಿನ ಏರತೊಡಗಿದರೆ ಕೊಳೆಯುವಿಕೆ ಶುರುವಾಗಿದೆ. ಅಲ್ಲಿಂದ ಮುಂದಿನ ಅಳತೆಗಳನ್ನು ಬಳಸಬೇಡಿ.

## ಹಂತ 8: ಆಮ್ಲಜನಕವಿಲ್ಲದ ಉಸಿರಾಟ

ಸಕ್ಕರೆ ನೀರನ್ನು ಕುದಿಸಿ ಅದರಲ್ಲಿ ಕರಗಿದ ಗಾಳಿಯನ್ನು ಹೊರಹಾಕಿ, ಉಗುರುಬೆಚ್ಚಗಾದ ಮೇಲೆ ಬೇಕರಿ ಈಸ್ಟ್ ಬೆರೆಸಿ, ಮೇಲೆ ತೆಂಗಿನೆಣ್ಣೆಯ ಪದರ ಹಾಕಿ, ನಳಿಕೆಯ ತುದಿಯನ್ನು ಸುಣ್ಣದ ತಿಳಿನೀರಿಗೆ ಬಿಡಿ. ಕುದಿಯುವ ನೀರಿಗೇ ಈಸ್ಟ್ ಹಾಕುವುದು ಇಲ್ಲಿನ ದೊಡ್ಡ ತಪ್ಪು. ಈಸ್ಟ್ ಅಲ್ಲೇ ಸಾಯುತ್ತದೆ. ಈ ದಾರಿಯಲ್ಲಿ ಪೈರುವೇಟ್ ಮೈಟೋಕಾಂಡ್ರಿಯಕ್ಕೆ ಹೋಗದೆ ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಒಂದು ಗ್ಲೂಕೋಸಿಗೆ ಸಿಗುವುದು 2 ಎಟಿಪಿ ಮಾತ್ರ. ತೆಂಗಿನ ಮರದಿಂದ ಇಳಿಸಿದ ಸಿಹಿ ರಸ ಕೆಲವೇ ಗಂಟೆಗಳಲ್ಲಿ ಕಳ್ಳಾಗುವುದೂ ಈ ಕ್ರಿಯೆಯಿಂದಲೇ.

## ಹಂತ 9: ದಾಖಲೆ ಪುಸ್ತಕದಲ್ಲಿ ಬರೆಯುವಾಗ

ಪ್ರತಿ ಪ್ರಯೋಗದ ತೀರ್ಮಾನವನ್ನೂ ಅದು ತೋರಿಸಿದಷ್ಟಕ್ಕೇ ನಿಲ್ಲಿಸಿ. ತಿಳಿನೀರು ಬೆಳ್ಳಗಾದದ್ದರಿಂದ ಇಂಗಾಲದ ಡೈಆಕ್ಸೈಡ್ ಹೊರಬಂದಿತು ಎನ್ನಬಹುದು. ಎಟಿಪಿ ಉಂಟಾಯಿತು ಎಂದು ಅದರಿಂದ ಹೇಳಲಾಗದು. "ಶಕ್ತಿ ಉತ್ಪತ್ತಿಯಾಗುತ್ತದೆ" ಎಂಬ ಬದಲು "ಬಿಡುಗಡೆಯಾಗುತ್ತದೆ" ಎಂದು ಬರೆಯಿರಿ, ಏಕೆಂದರೆ ಆ ಶಕ್ತಿ ಗ್ಲೂಕೋಸಿನಲ್ಲಿ ಮೊದಲೇ ಇತ್ತು. ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ ಎಂಬುದು ಉತ್ತರ ಪತ್ರಿಕೆಗಳಲ್ಲಿ ಕಾಣುವ ಇನ್ನೊಂದು ತಪ್ಪು. ಹಗಲಿನಲ್ಲೂ ಅವು ಉಸಿರಾಡುತ್ತವೆ; ದ್ಯುತಿಸಂಶ್ಲೇಷಣೆ ಅದಕ್ಕಿಂತ ವೇಗವಾಗಿ ನಡೆಯುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಒಂದು ಗ್ಲೂಕೋಸಿಗೆ ಎಟಿಪಿ ಎಷ್ಟು ಎಂಬಲ್ಲಿ ಗೊಂದಲ ಸಹಜ. ಹಳೆಯ ಪುಸ್ತಕಗಳಲ್ಲಿ 36 ಅಥವಾ 38 ಎಂದಿದೆ, ಹೊಸ ಲೆಕ್ಕದಲ್ಲಿ 30 ಅಥವಾ 32. ಹಳೆಯ ಲೆಕ್ಕ ಒಂದು ಎನ್‌ಎಡಿಎಚ್‌ಗೆ 3 ಎಟಿಪಿಯನ್ನು ಹಿಡಿದಿತ್ತು. ಈಗ ಸುಮಾರು 2.5 ಎಂದು ಹಿಡಿಯುತ್ತಾರೆ. ಪರೀಕ್ಷೆಯಲ್ಲಿ ನಿಮ್ಮ ಪಠ್ಯಪುಸ್ತಕದ ಸಂಖ್ಯೆಯನ್ನೇ ಬರೆಯಿರಿ, ಆದರೆ ವ್ಯತ್ಯಾಸ ಎಲ್ಲಿಂದ ಬಂತೆಂಬುದನ್ನು ತಿಳಿದಿರಿ.

## ಹಂತ 10: ಬಿಚ್ಚಿ ಶುಚಿಗೊಳಿಸುವುದು

ನಳಿಕೆಯನ್ನು ಮೊದಲು ನೀರಿನಿಂದ ಮೇಲೆತ್ತಿ, ಅನಂತರ ಬೂಚು ತೆಗೆಯಿರಿ. ಹರಳುಗಳ ಕುಪ್ಪಿಯನ್ನು ಅಧ್ಯಾಪಕರು ಚಿಮುಟದಿಂದ ಹೊರತೆಗೆದು, ದೊಡ್ಡ ಬಕೆಟಿನ ತಣ್ಣೀರಿಗೆ ಹರಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕರಗಿಸಲಿ. ಹರಳಿನ ಮೇಲೆ ನೀರು ಸುರಿಯಬಾರದು, ಕರಗುವಾಗ ಬಿಸಿಯಾಗಿ ಸಿಡಿಯುತ್ತದೆ. ತಿಳಿನೀರಿನ ಕುಪ್ಪಿಗಳ ಬಿಳಿ ಕಲೆ ಬರಿ ನೀರಿಗೆ ಹೋಗುವುದಿಲ್ಲ, ಸ್ವಲ್ಪ ಲಿಂಬೆರಸ ಅಥವಾ ವಿನೆಗರ್ ಹಾಕಿದರೆ ನೊರೆಯೊಡನೆ ಕರಗುತ್ತದೆ. ಬ್ಲೀಚಿಂಗ್ ಪೌಡರ್ ಬಳಸಿದ ಪಾತ್ರೆಗಳಿಗೆ ಮಾತ್ರ ಹುಳಿ ತಾಗಿಸಬೇಡಿ, ಕ್ಲೋರಿನ್ ಅನಿಲ ಹೊರಬರುತ್ತದೆ. ಅವನ್ನು ಧಾರಾಳ ನೀರಿನಲ್ಲಿ ತೊಳೆಯಿರಿ. ಕಾಳನ್ನು, ಅದು ಎಷ್ಟೇ ಚೆನ್ನಾಗಿ ಕಂಡರೂ, ತಿನ್ನಲು ಬಳಸದೆ ತೆಂಗಿನ ಬುಡಕ್ಕೆ ಹಾಕಿ.